ಬ್ಯಾಟರಿ ನೀರು ಕೊಟ್ಟವರಿಗೂ ಬಾಗಿಲು ಕಾಯ್ದವರಿಗೂ

ತುಮಕೂರಿನ ಪಂಕ್ ಸಂಗೀತ ತಂಡಗಳ 40 ಫೋಟೋಗಳ ಪ್ರದರ್ಶನ ಮೊನ್ನೆ ಭಾನುವಾರ ಸಂಜೆ ಮುಗಿಯಿತು. ಚಿತ್ರದ ಕೆಳಗಿನ ಚೀಟಿಯಲ್ಲಿ ತಂಡ, ತಾರೀಖು, ಫಿಲ್ಮು, ಲೆನ್ಸು ಎಲ್ಲ ಇತ್ತು. ಯಾರಿಂದಾಗಿ ಆ ಚಿತ್ರ ಮೂಡಿತು ಎಂಬುದು ಮಾತ್ರ ಇರಲಿಲ್ಲ. ಅದನ್ನೂ ಬರೆದಿದ್ದರೆ ಚೀಟಿ ಚಿತ್ರಕ್ಕಿಂತ ದೊಡ್ಡದಾಗುತ್ತಿತ್ತು. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇವೆ. ಹೆಸರು ಹಾಕಬೇಡಿ ಎಂದು ಬಹುತೇಕ ಎಲ್ಲರೂ ಹೇಳಿದ್ದಾರೆ. ಹಾಗಾಗಿ ಕೆಲಸವನ್ನಷ್ಟೇ ಬರೆಯುತ್ತೇವೆ, ಯಾರು ಯಾರೆಂದು ಅವರವರಿಗೆ ತಿಳಿಯುತ್ತದೆ.

ಮೊದಲ ನಮಸ್ಕಾರ, ಶೋಗಳು ನಡೆಯುತ್ತಿದ್ದ ಮಂಡಿಪೇಟೆ ಕಡೆಯ ಗೋದಾಮಿಗೆ ವೈರಿಂಗ್ ಮಾಡಿಕೊಟ್ಟ ಎಲೆಕ್ಟ್ರಿಷಿಯನ್ ಅಣ್ಣನಿಗೆ. ನಮ್ಮ ಕರೆಂಟು 50 ಹರ್ಟ್ಜ್. ಹಳೇ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಕಣ್ಣಿಗೆ ಇದು ಗೊತ್ತಾಗುವುದಿಲ್ಲ, ಸೆಕೆಂಡಿನ 1/250 ಭಾಗದಷ್ಟೇ ತೆರೆಯುವ ಕ್ಯಾಮೆರಾದ ಶಟರಿಗೆ ಗೊತ್ತಾಗುತ್ತದೆ. ಒಂದು ಚಿತ್ರ ಬೆಳ್ಳಗೆ, ಅದರ ಪಕ್ಕದ್ದು ಮಂಕು, ಇನ್ನೊಂದರಲ್ಲಿ ಅರ್ಧ ಮುಖಕ್ಕೆ ಅಡ್ಡಪಟ್ಟೆ. 1/100ಕ್ಕೋ 1/50ಕ್ಕೋ ಇಳಿದರೆ ಬೆಳಕು ಸಮವಾಗುತ್ತದೆ, ಆದರೆ ಡ್ರಮ್ ಬಾರಿಸುವವನ ಕೈ ಹೊಗೆಯಾಗಿಬಿಡುತ್ತದೆ. ಅಣ್ಣ ಹಳೇ ಮಿಲ್ಲುಗಳ ಉಪಾಯ ಮಾಡಿದರು: ಗೋದಾಮಿಗೆ ಮೂರು ಫೇಸ್ ಇತ್ತು, ಮೂರಕ್ಕೂ ಒಂದೊಂದು ಟ್ಯೂಬ್‌ಲೈಟ್ ಜೋಡಿಸಿದರು. ಒಂದು ಮಂಕಾದ ಹೊತ್ತಿಗೆ ಉಳಿದೆರಡು ಬೆಳಗಿರುತ್ತವೆ. ಅಡ್ಡಪಟ್ಟೆಯ ಕಾಟ ಅಲ್ಲಿಗೆ ತೀರಿತು. ಇದನ್ನು ಓದಿ ಯಾರೂ ಮನೆಯಲ್ಲಿ ಮಾಡಲು ಹೋಗಬೇಡಿ. ಎರಡು ಫೇಸ್‌ಗಳ ನಡುವೆ 415 ವೋಲ್ಟ್ ಇರುತ್ತದೆ. ಅಣ್ಣ ಮೂರಕ್ಕೂ ಬೇರೆ ಬೇರೆ ಬೋರ್ಡ್ ಹಾಕಿ, ಕೈಗೆಟುಕದ ಎತ್ತರದಲ್ಲಿಟ್ಟರು.

ದೀಪಗಳನ್ನು ಮೂರು ಫೇಸಿಗೆ ಹಂಚಿದ ಅದೇ ಮನುಷ್ಯರು ಆಂಪ್ಲಿಫೈಯರು, ಮೈಕಿನ ಸೆಟ್ಟು ಎಲ್ಲವನ್ನೂ ಹಟ ಹಿಡಿದು ಒಂದೇ ಫೇಸಿಗೆ, ಒಂದೇ ಅರ್ಥಿಂಗಿಗೆ ತಂದರು. ಗಿಟಾರಿನ ತಂತಿ ಆಂಪ್ಲಿಫೈಯರಿನ ಅರ್ಥಿಗೆ ಸೇರಿರುತ್ತದೆ, ಮೈಕಿನ ಜಾಲರಿ ಸೆಟ್ಟಿನ ಅರ್ಥಿಗೆ. ಅವೆರಡೂ ಬೇರೆ ಬೇರೆ ಕಡೆಯಿಂದ ಬಂದಿದ್ದು, ಒಂದರಲ್ಲಿ ಅರ್ಥ್ ಕಿತ್ತುಹೋಗಿದ್ದರೆ, ಗಿಟಾರ್ ಹಿಡಿದು ಹಾಡುವವರ ತುಟಿಯೇ ನಡುವಿನ ವೈರು. ಬೆವರಿದ ತುಟಿ ಬೇರೆ. ಪ್ರತಿ ಶೋಗೆ ಮೊದಲು ಮೈಕಿನ ಜಾಲರಿಗೆ ಟೆಸ್ಟರ್ ಮುಟ್ಟಿಸಿ ನೋಡುವುದು, ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹೊಯ್ಯುವುದು ಅವರು ಕಲಿಸಿದ್ದು. ಉಪ್ಪು ಇದ್ದಲು ತುಂಬಿದ ಗುಂಡಿ ಒಣಗಿದರೆ ಅದು ಬರೀ ಗುಂಡಿ. ಕೂಲಿ ತಗೊಳ್ಳಿ ಎಂದರೆ, ‘ಆ ಹಾಡು ನಿಲ್ಸಿ ಸಾಕು’ ಅಂದರು.

ತೆಂಗಿನ ನಾರಿನ ಹಳೇ ಹಾಸಿಗೆಗಳನ್ನು ಕೊಟ್ಟ ಗುಬ್ಬಿ ಕಡೆಯವರಿಗೆ. ಗೋಡೆಗೆ ನಾರು ಕಟ್ಟಿದರೆ ತಾಳದ ಚೀರಾಟ ಹೀರಿಕೊಳ್ಳುತ್ತದೆ, ಬೇಸ್ ಗಿಟಾರಿನ ಗುಡುಗು ಮಾತ್ರ ಗೋಡೆ ದಾಟಿ ಹೋಗೇ ಹೋಗುತ್ತದೆ. ಆ ಗುಡುಗನ್ನು ಸಹಿಸಿಕೊಂಡ ಪಕ್ಕದ ಮನೆಯ ಅಜ್ಜಿಗೆ ದೊಡ್ಡ ನಮಸ್ಕಾರ. ರಾತ್ರಿ ಒಂಬತ್ತಕ್ಕೆ ನಿಲ್ಲಿಸಬೇಕು ಎಂಬುದು ಅಜ್ಜಿಯ ಕರಾರು. ಪಂಕ್ ಹಾಡು ಎರಡು ನಿಮಿಷದ್ದು, ಒಂದು ತಂಡಕ್ಕೆ ಇಪ್ಪತ್ತು ನಿಮಿಷ ಧಾರಾಳ. ಆರಕ್ಕೆ ಶುರುವಾದರೆ ಐದು ತಂಡ ಆರಾಮಾಗಿ ಮುಗಿಯುತ್ತಿತ್ತು.

ಈಗ ಬಾಗಿಲ ಅಕ್ಕನ ವಿಷಯ. ನ್ಯೂಯಾರ್ಕಿನಲ್ಲಿ 1973ರಲ್ಲಿ ಶುರುವಾದ ಸಿಬಿಜಿಬಿ ಎಂಬ ಕ್ಲಬ್ಬಿನ ಬಾಗಿಲಲ್ಲಿ ದುಡ್ಡು ಇಸಿದುಕೊಳ್ಳುತ್ತಿದ್ದ ರಾಬರ್ಟಾ ಬೇಲಿ, 1976ರಲ್ಲಿ ರಾಮೋನ್ಸ್ ತಂಡದ ಮೊದಲ ರೆಕಾರ್ಡಿನ ಹೊದಿಕೆಯ ಚಿತ್ರ ತೆಗೆದರು. ಬಾಗಿಲಲ್ಲಿ ಕೂತವರಿಗೆ ಒಳಗೆ ಯಾರಿದ್ದಾರೆ, ಯಾರಿಗೆ ಏನು ಕಷ್ಟ ಎಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ನಮ್ಮ ಅಕ್ಕ ಕ್ಯಾಮೆರಾ ಮುಟ್ಟಿಲ್ಲ. ಆದರೆ ಯಾರ ಚಿತ್ರ ತೆಗೆಯಬಾರದು ಎಂಬುದನ್ನು ಅವರೇ ನಿಭಾಯಿಸಿದರು. ಮನೆಯಲ್ಲಿ ಹೇಳದೆ ಬಂದವರು, ಕೆಲಸದ ಜಾಗದಲ್ಲಿ ತಿಳಿದರೆ ತೊಂದರೆಯಾಗುವವರು ಒಳಗೆ ಬರುವಾಗಲೇ ಅಕ್ಕನ ಕಿವಿಯಲ್ಲಿ ಹೇಳುತ್ತಿದ್ದರು, ಅಕ್ಕ ಅವರ ಮಣಿಕಟ್ಟಿಗೆ ಗುರುತು ಕಟ್ಟುತ್ತಿದ್ದರು. ಮೊದಲು ಕಟ್ಟಿದ್ದು ಕೆಂಪು ದಾರ. ಕಪ್ಪು ಬಿಳುಪು ಫಿಲ್ಮಿನಲ್ಲಿ ಕೆಂಪು ಬೂದು ಬಣ್ಣವಾಗಿ ಮೈಬಣ್ಣದಲ್ಲೇ ಕರಗಿಹೋಗುತ್ತದೆ. ರೋಲಿನ ಫ್ರೇಮುಗಳನ್ನೆಲ್ಲ ಪುಟ್ಟದಾಗಿ ಒಂದೇ ಹಾಳೆಯಲ್ಲಿ ಮುದ್ರಿಸಿದ ಕಾಂಟ್ಯಾಕ್ಟ್ ಶೀಟನ್ನು ಭೂತಗನ್ನಡಿ ಹಿಡಿದು ನೋಡಿದರೂ ದಾರ ಎಲ್ಲಿದೆ ಎಂದು ತಿಳಿಯಲಿಲ್ಲ. ಮುಂದಿನ ಶೋಗೆ ಅಕ್ಕ ಬೆರಳಗಲದ ಬಿಳಿ ಲಾಡಿ ತಂದರು. ಅದು ಫ್ಲ್ಯಾಶ್ ಬೆಳಕಿಗೆ ಫಳ್ ಎನ್ನುತ್ತದೆ. ಕೈ ಮೇಲೆತ್ತಿ ಕುಣಿಯುವವರೇ ಹೆಚ್ಚಾದ್ದರಿಂದ ಎಷ್ಟೇ ಗುಂಪಿದ್ದರೂ ಕಾಣುತ್ತಿತ್ತು.

ಅಕ್ಕ ಮಾಡಿದ ಇನ್ನೊಂದು ಕೆಲಸ: ಕ್ಯಾಮೆರಾ ಬ್ಯಾಗನ್ನು ಶೋಗೆ ಅರ್ಧ ಗಂಟೆ ಮೊದಲೇ ಒಳಗೆ ಇಡಿಸುತ್ತಿದ್ದುದು. ಡಿಸೆಂಬರ್ ಚಳಿಯಲ್ಲಿ ಹೊರಗಿದ್ದ ಲೆನ್ಸು, ನಲವತ್ತು ಜನ ಬೆವರುತ್ತಿರುವ ಕೋಣೆಗೆ ಬಂದರೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಮಂಜು ಕಟ್ಟುತ್ತದೆ. ಬಟ್ಟೆಯಿಂದ ಒರೆಸಿದರೆ ಮತ್ತೆ ಕಟ್ಟುತ್ತದೆ. ಗಾಜು ಕೋಣೆಯಷ್ಟೇ ಬೆಚ್ಚಗಾಗುವವರೆಗೆ ಅದಕ್ಕೆ ಮದ್ದಿಲ್ಲ.

ಪಿಟ್‌ನಲ್ಲಿ, ಅಂದರೆ ತಂಡದ ಎದುರು ಜನ ನೂಕಾಡುತ್ತ ಕುಣಿಯುವ ಜಾಗದಲ್ಲಿ, ಬೆನ್ನಿಗೆ ನಿಂತ ಹುಡುಗರೇ, ನಿಮ್ಮದು ಬೇರೆಯದೇ ಋಣ. ಅಲ್ಲಿ ವೇದಿಕೆಯೂ ಇಲ್ಲ, ಬ್ಯಾರಿಕೇಡೂ ಇಲ್ಲ. ಕ್ಯಾಮೆರಾವನ್ನು ಕಣ್ಣಿಗಿಟ್ಟುಕೊಂಡರೆ ಯಾರದ್ದೋ ಮೊಣಕೈ ತಾಗಿ ಹುಬ್ಬು ಒಡೆಯುತ್ತದೆ. ಆದ್ದರಿಂದ ನೋಡದೇ ತೆಗೆಯುವ ಲೆಕ್ಕ: ಅಗಲ ನೋಟದ 28 ಮಿಮೀ ಲೆನ್ಸು, ಅದರ ಕಿಂಡಿ ಎಫ್/8ಕ್ಕೆ ಕಿರಿದು, ಫೋಕಸ್ 2 ಮೀಟರಿಗೆ ಇಟ್ಟು ಉಂಗುರದ ಮೇಲೆ ಬಟ್ಟೆ ಟೇಪು. ಹಾಗಿಟ್ಟರೆ ನಾಲ್ಕು ಅಡಿಯಿಂದ ಹದಿನಾರು ಅಡಿಯವರೆಗೆ ಎಲ್ಲವೂ ಸ್ಪಷ್ಟ. ಉಂಗುರಕ್ಕೆ ಟೇಪು ಹಾಕದಿದ್ದರೆ ಮೊದಲ ಹಾಡಿನಲ್ಲೇ ಯಾರದ್ದೋ ಭುಜ ತಗುಲಿ ತಿರುಗಿರುತ್ತದೆ, ರೋಲ್ ತೊಳೆದ ಮೇಲೆ ಗೊತ್ತಾಗುತ್ತದೆ. ಎಡಗೈಯಲ್ಲಿ ವೈರಿನ ತುದಿಗೆ ಫ್ಲ್ಯಾಶು, ಗೈಡ್ ನಂಬರ್ (ಫ್ಲ್ಯಾಶಿನ ಶಕ್ತಿಯ ಅಳತೆ) 28ರದ್ದು, 1/8 ಪವರ್. ಫಿಲ್ಮಿನ ಐಎಸ್ಒ, ಅಂದರೆ ಬೆಳಕು ಹಿಡಿಯುವ ಚುರುಕು, 400 ಆದರೆ ಎಂಟು ಅಡಿ ದೂರಕ್ಕೆ ಬೆಳಕು ಸರಿ. ಹಾಡುವವನು ನಾಲ್ಕು ಅಡಿಗೆ ಬಂದರೆ ನಾಲ್ಕು ಪಟ್ಟು ಬೆಳಕು, ಮುಖಕ್ಕೆ ಸುಣ್ಣ ಬಳಿದ ಹಾಗೆ. ಆಗ ಫ್ಲ್ಯಾಶ್ ಹಿಡಿದ ಕೈಯನ್ನು ಹೆಗಲಿನ ಹಿಂದಕ್ಕೆ ಒಯ್ಯಬೇಕು. ಫುಲ್ ಪವರ್ ಇಟ್ಟರೆ ಮತ್ತೆ ಚಾರ್ಜ್ ಆಗುವಷ್ಟರಲ್ಲಿ ಅರ್ಧ ಹಾಡು ಹೋಗಿರುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕುತ್ತ ನಿಂತವರಿಗೆ ಹಿಂದಿನಿಂದ ಬರುವ ಮನುಷ್ಯ ಕಾಣುವುದಿಲ್ಲ. ಕಾಲರ್ ಹಿಡಿದು ಹಿಂದಕ್ಕೆ ಎಳೆದದ್ದು ನೀವು. ಬಿದ್ದವರನ್ನು ಮೊದಲು ಎತ್ತಿ ನಿಲ್ಲಿಸಿ ಆಮೇಲೆ ಕುಣಿತ ಎಂಬ ನಿಯಮವನ್ನು ಯಾರೂ ಹೇಳಿಕೊಡದೆ ಪಾಲಿಸಿದ್ದೂ ನೀವೇ. ಕ್ಯಾಮೆರಾದ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಳ್ಳದೆ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಳ್ಳಿ ಎಂದ ಹುಡುಗನ ಮಾತು ಮುಂದೆ ಈ ಕೆಲಸಕ್ಕಿಳಿಯುವವರಿಗೂ ಇರಲಿ.

ಪ್ರದರ್ಶನಕ್ಕೆ ಬಂದ ಕೆಲವರು 17ನೇ ಚಿತ್ರ ಅಲುಗಿದೆಯಲ್ಲ ಎಂದರು. ಹೌದು, ಅಲುಗಿದೆ. 1979ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪಲೇಡಿಯಂನಲ್ಲಿ ದಿ ಕ್ಲ್ಯಾಶ್ ತಂಡದ ಪಾಲ್ ಸಿಮೊನಾನ್ ತನ್ನ ಬೇಸ್ ಗಿಟಾರನ್ನು ನೆಲಕ್ಕೆ ಬಡಿಯುವುದನ್ನು ಪೆನ್ನಿ ಸ್ಮಿತ್ ತೆಗೆದರು. ಫೋಕಸ್ ತಪ್ಪಿದೆ, ಬಳಸಬೇಡಿ ಎಂದು ಅವರೇ ಹೇಳಿದ್ದರು. ತಂಡ ಕೇಳಲಿಲ್ಲ, ಆ ಚಿತ್ರವೇ ಅವರ ರೆಕಾರ್ಡಿನ ಹೊದಿಕೆಯಾಯಿತು. ನಮ್ಮ 17ನೆಯದನ್ನು ಆರಿಸಿದ್ದೂ ತಂಡದವರೇ. ನಮ್ಮ ಆಯ್ಕೆ ಬೇರೆ ಇತ್ತು, ಅವರದೇ ಸರಿ ಎಂದು ಗೋಡೆಗೆ ಹಾಕಿದ ಮೇಲೆ ಕಂಡಿತು.

ರೋಲುಗಳ ರಿಜಿಸ್ಟರ್ ಇಟ್ಟ ಕಾಲೇಜು ಹುಡುಗಿಗೆ. ಫ್ಲ್ಯಾಶಿನಲ್ಲಿ ತೆಗೆದವು ಐಎಸ್ಒ 400ರ ಲೆಕ್ಕದವು, ಟ್ಯೂಬ್‌ಲೈಟಿನಲ್ಲಿ ತೆಗೆದವು 1600ರವು, ಫಿಲ್ಮ್ ಮಾತ್ರ ಒಂದೇ, ಇಲ್‌ಫರ್ಡ್ ಎಚ್‌ಪಿ5 ಪ್ಲಸ್. ಡಬ್ಬಿಗಳು ನೋಡಲು ಅವಳಿಜವಳಿ. ಚಿತ್ರ ಮೂಡಿಸುವ ದ್ರಾವಣ ಐಡಿ-11 ಡೆವಲಪರನ್ನು ಮತ್ತೆ ನೀರು ಬೆರೆಸದೆ ಬಳಸಿದರೆ 20 ಡಿಗ್ರಿಯಲ್ಲಿ 400ರ ರೋಲಿಗೆ ಏಳೂವರೆ ನಿಮಿಷ, 1600ರದಕ್ಕೆ 14 ನಿಮಿಷ. ಅದಲುಬದಲಾದರೆ 1600ರ ರೋಲು ತೆಳ್ಳಗೆ ಬಂದು ಕತ್ತಲೆಯ ಭಾಗದಲ್ಲಿ ಏನೂ ಉಳಿಯುವುದಿಲ್ಲ. ರೋಲ್ ಕ್ಯಾಮೆರಾದಿಂದ ಈಚೆ ಬಂದ ಕ್ಷಣವೇ ಮಾರ್ಕರಿನಲ್ಲಿ ಬರೆದು, ರಬ್ಬರ್ ಬ್ಯಾಂಡ್ ಹಾಕಿ, ಪುಸ್ತಕದಲ್ಲಿ ನಮೂದಿಸಿದ್ದು ಈ ತಂಗಿ. ಒಂದೇ ಒಂದು ರೋಲು ತಪ್ಪಲಿಲ್ಲ.

ಇನ್ನು ನೀರು. ಏಪ್ರಿಲ್ ಮಧ್ಯಾಹ್ನ ಮಾಳಿಗೆಯ ಟ್ಯಾಂಕಿನಿಂದ ಬರುವ ನೀರಿಗೆ ನೇರವಾಗಿ ಕಾಫಿ ಪುಡಿ ಹಾಕಬಹುದು. ಅದರಲ್ಲಿ ಫಿಲ್ಮ್ ತೊಳೆದರೆ ಲೆಕ್ಕವೆಲ್ಲ ತಪ್ಪುತ್ತದೆ. ಜ್ಯೂಸ್ ಅಂಗಡಿಯವರು ದಿನಾ ಕೊಟ್ಟ ಐಸನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಬಕೆಟ್ಟಿನಲ್ಲಿ ಡೆವಲಪರ್ ಬಾಟಲಿಯ ಸುತ್ತ ಇಟ್ಟು 20ಕ್ಕೆ ತರುತ್ತಿದ್ದೆವು. ಐಸನ್ನು ಬಾಟಲಿಯೊಳಗೇ ಹಾಕಿದರೆ ಡೆವಲಪರ್ ನೀರಾಗುತ್ತದೆ. ಚಿತ್ರವನ್ನು ಫಿಲ್ಮಿನಲ್ಲಿ ನಿಲ್ಲಿಸುವ ಫಿಕ್ಸರ್ ಆದ ಮೇಲೆ ತೊಳೆಯಲು ನಲ್ಲಿ ಬಿಟ್ಟು ಕೂರುವಷ್ಟು ನೀರು ನಮ್ಮೂರಲ್ಲಿಲ್ಲ. ಟ್ಯಾಂಕ್ ತುಂಬಿಸಿ ಐದು ಸಲ ಮಗುಚಿ ಚೆಲ್ಲುವುದು, ಮತ್ತೆ ತುಂಬಿಸಿ ಹತ್ತು ಸಲ, ಮತ್ತೆ ತುಂಬಿಸಿ ಇಪ್ಪತ್ತು ಸಲ. ಎರಡು ರೋಲಿಗೆ ಎರಡು ಲೀಟರಿನೊಳಗೆ ಮುಗಿಯುತ್ತದೆ.

ಕೊನೆಯ ತೊಳೆತಕ್ಕೆ ಮಾತ್ರ ಬೋರ್‌ವೆಲ್ ನೀರು ಆಗುವುದೇ ಇಲ್ಲ. ನಮ್ಮ ಕಡೆಯ ಗಡುಸು ನೀರು ಬಿಂದಿಗೆಯ ತಳದಲ್ಲಿ ಬಿಳಿ ಪದರ ಕಟ್ಟುವ ಹಾಗೆಯೇ ಫಿಲ್ಮಿನ ಮೇಲೂ ಹನಿ ಹನಿಯಾಗಿ ಸುಣ್ಣ ಬಿಡುತ್ತದೆ. ಕಪ್ಪು ಟೀಶರ್ಟಿನ ಮೇಲೆ ಬಂದರೆ ಹಕ್ಕಿ ಹಿಕ್ಕೆ ಹಾಕಿದಂತೆ ಕಾಣುತ್ತದೆ, ಉಜ್ಜಿದರೆ ಗೀರು. ಬಿ.ಎಚ್. ರಸ್ತೆಯ ಬ್ಯಾಟರಿ ಅಂಗಡಿಯ ಯಜಮಾನರು ಐದು ಲೀಟರ್ ಕ್ಯಾನಿನಲ್ಲಿ ಬ್ಯಾಟರಿ ನೀರು, ಅಂದರೆ ಸುಣ್ಣದ ಅಂಶವಿಲ್ಲದ ಶುದ್ಧ ನೀರು, ಕೊಡುತ್ತ ಬಂದರು, ಪ್ರತಿ ಸಲವೂ ತಾವೇ ಮುಚ್ಚಳ ತೆಗೆದು, ಇದು ನೀರೇ, ಆಸಿಡ್ ಅಲ್ಲ ಎಂದು ಖಾತ್ರಿ ಮಾಡಿಕೊಂಡು. ಆ ನೀರಿಗೆ, ಹನಿ ನಿಲ್ಲದೆ ಜಾರಿಹೋಗಲು ವೆಟ್ಟಿಂಗ್ ಏಜೆಂಟ್ ಒಂದೆರಡು ಹನಿ ಬಿಟ್ಟು ಫಿಲ್ಮನ್ನು ಅದ್ದಿ, ಆಗಷ್ಟೇ ನೀರು ಚಿಮುಕಿಸಿ ಧೂಳು ಕೂರಿಸಿದ ಬಚ್ಚಲುಮನೆಯಲ್ಲಿ ತೂಗುಹಾಕಿದರೆ ಕಲೆಯಿಲ್ಲ. ಫೋಟೋಗೂ ನನಗೂ ಏನು ಸಂಬಂಧ ಎಂದು ಕೇಳುತ್ತಿದ್ದ ಯಜಮಾನರೇ, 40 ಚಿತ್ರಗಳಲ್ಲಿ 31 ನಿಮ್ಮ ಅಂಗಡಿಯ ನೀರಿನಲ್ಲಿ ತೊಳೆದವು.

ಫೋಮಿನ ಇಯರ್‌ಪ್ಲಗ್ಗನ್ನು ಡಬ್ಬಿಗಟ್ಟಲೆ ತರಿಸಿಕೊಟ್ಟ ಮೆಡಿಕಲ್ ಸ್ಟೋರಿನವರಿಗೂ ವಂದನೆ. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಷ್ ಸಂಸ್ಥೆಯ ಲೆಕ್ಕದಲ್ಲಿ ಬರಿಗಿವಿಯಲ್ಲಿ ದಿನಕ್ಕೆ ಕೇಳಬಹುದಾದ ಮಿತಿ, ಸದ್ದು 85 ಡೆಸಿಬೆಲ್ ಆದರೆ ಎಂಟು ಗಂಟೆ, 100 ಡೆಸಿಬೆಲ್ ಆದರೆ ಹದಿನೈದೇ ನಿಮಿಷ. ಒಂದು ತಂಡದ ಹೊತ್ತಿಗೂ ಅದು ಸಾಲದು. ಸುಮ್ಮನೆ ಕಿವಿಗೆ ತುರುಕಿದರೆ ಪ್ರಯೋಜನವಿಲ್ಲ. ಬೆರಳಲ್ಲಿ ಉರುಟಿ ಸಣ್ಣ ಬತ್ತಿ ಮಾಡಿ, ಕಿವಿಯನ್ನು ಮೇಲಕ್ಕೆಳೆದು ಒಳಗೆ ಕೂರಿಸಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು.

ಮೊಳೆ ಹೊಡೆಯದೆ ನೈಲಾನ್ ಹಗ್ಗ, ಕ್ಲಿಪ್ಪುಗಳಲ್ಲೇ 12 ಇಂಚು 18 ಇಂಚಿನ ಚಿತ್ರಗಳನ್ನೆಲ್ಲ ಸಾಲಾಗಿ ತೂಗಿಸಿದ ಶಾಮಿಯಾನದವರಿಗೂ, ಚಹಾಕ್ಕೆ ದುಡ್ಡು ತೆಗೆದುಕೊಳ್ಳದ ಎದುರಿನ ಅಂಗಡಿಯವರಿಗೂ ಧನ್ಯವಾದ.

ಬಿಳಿ ಲಾಡಿ ಕಟ್ಟಿಕೊಂಡಿದ್ದವರಿಗೆ ಒಂದು ಮಾತು. ನಿಮ್ಮ ಮುಖ ಸಿಕ್ಕಿದ ಫ್ರೇಮುಗಳಿಗೆ ಕಾಂಟ್ಯಾಕ್ಟ್ ಶೀಟಿನಲ್ಲಿ ಕೆಂಪು ಗೆರೆ ಹಾಕಿದ್ದೇವೆ, ಸ್ಕ್ಯಾನ್ ಮಾಡಿಲ್ಲ. ನೆಗೆಟಿವ್ ನಿಮಗೇ ಬೇಕೆಂದರೆ ಕತ್ತರಿಸಿ ಕೊಡುತ್ತೇವೆ, ಅಕ್ಕನ ಹತ್ತಿರ ಹೇಳಿ. ಲಾಡಿ ಕಟ್ಟದಿದ್ದರೂ ಈಗ ಬೇಡ ಅನ್ನಿಸಿದವರಿಗೂ ಇದೇ ಮಾತು.

ಗೋಡೆಯಲ್ಲಿದ್ದ ಪ್ರತಿಗಳು ಆಯಾ ತಂಡಗಳಿಗೇ ಸೇರಬೇಕು. ಚಹಾ ಅಂಗಡಿಯಲ್ಲಿ ಕಟ್ಟಿಟ್ಟಿದ್ದೇವೆ, ಬಂದು ತೆಗೆದುಕೊಂಡು ಹೋಗಿ. ಮೂರು ಮಿಮೀ ಸನ್‌ಬೋರ್ಡ್ ಎಂಬ ಹಗುರ ಪ್ಲಾಸ್ಟಿಕ್ ಹಲಗೆಗೆ ಅಂಟಿಸಿದ್ದು, ಬಿಸಿಲು ತಾಗಿದರೆ ಹಪ್ಪಳದ ಹಾಗೆ ಬಾಗುತ್ತದೆ. ಬೈಕಿನ ಹಿಂದೆ ಕಟ್ಟಿಕೊಂಡು ಹೋಗಬೇಡಿ. ಸಂಜೆ ಬನ್ನಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ.