ಪ್ರದರ್ಶನ ಮುಗೀತು, ಎಲ್ರಿಗೂ ಥ್ಯಾಂಕ್ಸ್, ಅದ್ರಲ್ಲೂ ಫ್ರೇಮ್ ಅಂಗಡಿ ಅಣ್ಣಂಗೆ

ನನ್ನ ಮೊದಲ ಫೋಟೋ ಪ್ರದರ್ಶನ, ಅದೂ ನಮ್ಮ ಹಾಸನದಲ್ಲೇ, ನಿನ್ನೆ ಸಂಜೆ ಮುಗೀತು. ಈ ವರ್ಷ ಅಪ್ಪ ಹೋದ್ಮೇಲೆ ನಮ್ಮನೇಲಿ ಏನೇನಾಯ್ತು ಅಂತ ನಿಮಗೆಲ್ಲ ಗೊತ್ತೇ ಇದೆ, ಅದನ್ನ ಮತ್ತೆ ಬರೆಯಲ್ಲ.

ಬೇಲೂರು ಹಳೇಬೀಡು 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಎಲ್ಲರ ಕ್ಯಾಮೆರಾನೂ ಆ ಕಡೆಗೇ, ನಾನು ಬಸ್ ಸ್ಟ್ಯಾಂಡು, ಕಟ್ಟಿನಕೆರೆ ಮಾರ್ಕೆಟ್ಟು ಅಂತ ಅಲೀತಿದ್ರೂ ಬಂದು ನಿಂತು ನೋಡಿದ್ರಲ್ಲ, ಅಷ್ಟು ಸಾಕು ನನಗೆ. ಕೋಲ್ಕತ್ತಾದಲ್ಲಿ ಟ್ರಾಮ್ ಹಿಡಿಯೋಕೆ ಬೆಳಗಿನ ಜಾವ ಜೊತೆಗೆ ಎದ್ದು ಬಂದ ಗೆಳತಿಗೆ, ಮುಂಬೈಲಿ ಇಟ್ಕೊಂಡ ಚಿಕ್ಕಪ್ಪ ಚಿಕ್ಕಮ್ಮಂಗೆ, ಫ್ಲಾಸ್ಕಲ್ಲಿ ಕಾಫಿ ತರ್ತಾ ಇದ್ದ ತಮ್ಮಂಗೆ ತುಂಬಾ ಥ್ಯಾಂಕ್ಸ್.

ಫ್ರೇಮ್ ಅಂಗಡಿ ಅಣ್ಣನ ಬಗ್ಗೆ ಮಾತ್ರ ಒಂದು ಸಾಲಲ್ಲಿ ಬರೆಯೋಕಾಗಲ್ಲ.

ಉದ್ಘಾಟನೆ ಹಿಂದಿನ ರಾತ್ರಿ ಸುರಿದ ಮಳೆಗೆ ಪ್ರದರ್ಶನದ ಹಾಲ್‌ನ ಕಿಟಕಿಯಿಂದ ನೀರು ನುಗ್ಗಿ, ಗೋಡೆಗೆ ಒರಗಿಸಿಟ್ಟಿದ್ದ ಫ್ರೇಮ್‌ಗಳ ಒಳಗೆಲ್ಲ ಇಳಿದುಬಿಟ್ಟಿತ್ತು, ಪ್ರಿಂಟು ಗಾಜಿಗೆ ಅಂಟ್ಕೊಳ್ತಾ ಇತ್ತು, ನಂಗೆ ಕೈಕಾಲೇ ಆಡಲಿಲ್ಲ. ಫೋನ್ ಮಾಡಿದ್ದೇ ತಡ, ಅಷ್ಟೊತ್ತಲ್ಲಿ ಟಿವಿಎಸ್ ಎಕ್ಸೆಲ್ ಹತ್ಕೊಂಡು ಇಕ್ಕಳ, ಬ್ಲೇಡು, ಹಳೇ ಕಾಟನ್ ಪಂಚೆ ಹಿಡ್ಕೊಂಡು ಬಂದ್ರು. "ಒಣಗಕ್ಕೆ ಬಿಡ್ಬಾರ್ದು ಕಣವ್ವ, ಒದ್ದೆ ಇದ್ದಾಗ್ಲೇ ಬಿಡಿಸ್ಬೇಕು" ಅಂದವರೇ ಹಿಂದಿನ ಮೊಳೆ ಒಂದೊಂದೇ ಕಿತ್ತು, ಬೋರ್ಡ್ ತೆಗೆದು, ಮೂಲೆಯಿಂದ ಮೆಲ್ಲಗೆ ಪ್ರಿಂಟ್ ಎತ್ತಿ ಪಂಚೆ ಮೇಲೆ ಮುಖ ಮೇಲಾಗಿ ಮಲಗಿಸ್ತಾ ಹೋದ್ರು, ಎಳೆ ಮಗೂನ ಮಲಗಿಸೋ ಹಾಗೆ.

ಹಾಸನಾಂಬೆ ಕ್ಯೂ ಫೋಟೋ ಉಳೀತು. ವರ್ಷಕ್ಕೊಂದು ಸಲ ಬಾಗಿಲು ತೆಗೆಯೋದಲ್ವಾ, ಆ ಜನಜಂಗುಳಿಗೆ ಕ್ಯಾಮೆರಾ ಶಟರ್ ಅರ್ಧ ಸೆಕೆಂಡ್ ತೆರೆದಿಟ್ಟಿದ್ದೆ, ನಡೆಯೋರೆಲ್ಲ ಹೊಗೆ ಥರ ಹರಿದು ಹೋಗಿದ್ದಾರೆ, ಮೆಟ್ಟಿಲ ಮೇಲೆ ಅಲುಗಾಡದೆ ಕೂತಿದ್ದ ಅಜ್ಜಿಯ ಕೈಬಳೆ ಕೂಡ ಸ್ಪಷ್ಟ. ಅಣ್ಣ ಅದನ್ನ ತುಂಬಾ ಹೊತ್ತು ನೋಡಿದ್ರು. ಆಮೇಲೆ ಇನ್ನೊಂದು ಫೋಟೋ ನೋಡಿ, 1873ರಲ್ಲಿ ಶುರುವಾದ ಆ ಕೋಲ್ಕತ್ತಾ ಟ್ರಾಮಿನ ಕಪ್ಪು ಕಿಟಕಿಗಳೊಳಗೆ ನಮ್ಮ ಬಸ್ ಸ್ಟ್ಯಾಂಡ್ ಜನ ಹೆಂಗೆ ಬಂದ್ರು ಅಂತ ಕೇಳಿದ್ರು. ಕ್ಯಾಮೆರಾದಲ್ಲಿ ಒಂದೇ ಚಿತ್ರಕ್ಕೆ ಎರಡು ಸಲ ಬೆಳಕು ಬಿಡ್ತೀನಿ, ಮೊದಲನೇದ್ರಲ್ಲಿ ಕತ್ತಲೆ ಇರೋ ಕಡೆ ಎರಡನೇದು ಬಂದು ಕೂರುತ್ತೆ ಅಂದೆ. "ಈ ಕಡ್ಲೆಕಾಯಿ ಮಾರೋರು ನಮ್ಮ ಬೀದಿಯೋರು" ಅಂತ ಬೆರಳು ತಾಗಿಸದೆ ತೋರಿಸಿದ್ರು.

ಅಪ್ಪನ ಫೋಟೋಗೆ ಈ ವರ್ಷ ಕಟ್ಟು ಹಾಕಿಕೊಟ್ಟಿದ್ದು ಇದೇ ಕೈ. ಅದು ನೆನಪಾಗಿದ್ದೇ ನಂಗೆ ತಡೆಯೋಕಾಗಲಿಲ್ಲ, ಅಪ್ಪ ಇದನ್ನ ನೋಡಲೇ ಇಲ್ವಲ್ಲ, ಯಾಕೆ ಬೇಕಿತ್ತು ಇದೆಲ್ಲ ಅಂತ ನೆಲಕ್ಕೆ ಕೂತು ಅತ್ತುಬಿಟ್ಟೆ. "ಅತ್ಕೊಳವ್ವ, ಪ್ರಿಂಟಿಂದ ಒಂಚೂರು ದೂರ ಕೂತ್ಕೊಂಡು ಅತ್ಕೊ" ಅಂದು ಕೆಲಸ ಮುಂದುವರಿಸಿದ್ರು. ಆಮೇಲೆ ಇಕ್ಕಳ ನನ್ನ ಕೈಗೆ ಕೊಟ್ರು.

ಕೆಲವು ಪ್ರಿಂಟು ಹೋದ್ವು. ಉಳಿದಿದ್ದಕ್ಕೆಲ್ಲ ಬೆಳಗಾಗೋದ್ರೊಳಗೆ ಹೊಸ ಮೌಂಟ್ (ಪ್ರಿಂಟಿನ ಸುತ್ತ ಕೂರಿಸೋ ದಪ್ಪ ಕಾರ್ಡು) ಕತ್ತರಿಸಿ, ಗಾಜಿಗೂ ಪ್ರಿಂಟಿಗೂ ಮಧ್ಯೆ ಜಾಗ ಬಿಟ್ಟು ಕೂರಿಸಿ, ನೇತುಹಾಕಿ, ಹತ್ತು ಗಂಟೆಗೆ ಅಂಗಡಿ ತೆಗೀಬೇಕು ಅಂತ ಹೊರಟೇಬಿಟ್ರು.

ಅಣ್ಣ, ಆ ರಾತ್ರಿ ಕೆಲಸದ ಬಿಲ್ ನೀವಿನ್ನೂ ಕೊಟ್ಟಿಲ್ಲ, ಸೋಮವಾರ ಬರ್ತೀನಿ, ಬರೆದಿಟ್ಟಿರಿ. ಅಜ್ಜಿ ಫೋಟೋ ಮಾರೋಕೆ ಇಟ್ಟಿಲ್ಲ, ಅದು ನಿಮ್ಮನೆಗೆ.