ಪುಟ್ಟಪ್ಪನೋರು ಹೋದ ದಿನ

ಪ್ರೀತಿಯ ಗೆಳೆಯಾ,

ಹೇಗಿದ್ದೀಯ? ಹೋದ ವಾರ ಮಹಾರಾಜಾ ಕಾಲೇಜಿನ ನಮ್ಮ ಹಳೇ ಬಳಗ ಸೇರಿತ್ತು. ನೀನೊಬ್ಬ ಬರಲಿಲ್ಲ. ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ 1994ರ ನವೆಂಬರ್ 11ಕ್ಕೆ ಬಂತು. ಕುವೆಂಪು ತೀರಿಕೊಂಡ ಶುಕ್ರವಾರ. ಇನ್ನೊಂದೂವರೆ ತಿಂಗಳು ಕಳೆದಿದ್ದರೆ ಅವರಿಗೆ 90 ತುಂಬುತ್ತಿತ್ತು.

ಒಬ್ಬೊಬ್ಬರದೂ ಒಂದೊಂದು ಕಥೆ ಕಣೋ. ರೇಡಿಯೊದಲ್ಲಿ ಕೇಳಿದೆ ಅಂತ ಒಬ್ಬ, ಮೆಸ್ಸಿನ ಭಟ್ಟರು ಹೇಳಿದ್ದು ಅಂತ ಇನ್ನೊಬ್ಬ. ಪಾಠ ಅರ್ಧಕ್ಕೇ ನಿಂತಿತೋ, ಶುರುವೇ ಆಗಲಿಲ್ಲವೋ ಅಂತ ಇಬ್ಬರು ಜಗಳಕ್ಕೇ ಬಿದ್ದರು. ಒಂಟಿಕೊಪ್ಪಲಿನ ಅವರ ಮನೆ ‘ಉದಯರವಿ’ ಮುಂದೆ ನಿಂತಿದ್ದೆ ಅಂದವರನ್ನೆಲ್ಲ ಲೆಕ್ಕ ಹಾಕಿದರೆ ಆ ಬೀದಿಯಲ್ಲಿ ಕಾಲಿಡೋಕೂ ಜಾಗ ಇದ್ದಿರಲಾರದು! ಸುಳ್ಳು ಅಂತ ಹೇಳುತ್ತಿಲ್ಲ. ದೊಡ್ಡವರು ಹೋದಾಗ ನಾವೂ ಹತ್ತಿರದಲ್ಲಿದ್ದೆವು ಅನ್ನೋ ಆಸೆ ಯಾರಿಗಿರಲ್ಲ?

ನನಗೆ ಕಣ್ಣಿಗೆ ಕಟ್ಟಿದ ಹಾಗಿರುವುದು ಆ ಹಳೇ ಅಟೆಂಡರ್. ಆಗಲೇ ರಿಟೈರ್ ಆಗಿದ್ದರು. ಅವತ್ತು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಬಂದು ಸ್ಟಾಫ್ ರೂಮಿನ ಹೊರಗಿನ ಬೆಂಚಿನಲ್ಲಿ ಕೂತರು. “ಪುಟ್ಟಪ್ಪನೋರು ಹೋಗ್ಬುಟ್ರು” ಅಂದರು. ಮೊದಲ ವರ್ಷದ ಹುಡುಗನೊಬ್ಬ “ಯಾವ ಪುಟ್ಟಪ್ಪ?” ಅಂದುಬಿಟ್ಟ. ಅವರಿಗೆ ಸಿಟ್ಟೇನೂ ಬರಲಿಲ್ಲ. “ಇಲ್ಲೇ ಪ್ರಿನ್ಸಿಪಾಲರಾಗಿದ್ರಲ್ಲ. ಅವ್ರ ರೂಮಿನ ಬೀಗ ನಾನೇ ತೆಗೀತಿದ್ದುದ್ದು ಕಣಪ್ಪ” ಅಂದರು. ಅದು 1955ರ ಮಾತು. ಮರುವರ್ಷವೇ ಕುವೆಂಪು ಮೈಸೂರು ಯೂನಿವರ್ಸಿಟಿಯ ವೈಸ್ ಚಾನ್ಸಲರ್ ಆದರು, ಆಮೇಲೆ ಅದರ ಕ್ಯಾಂಪಸ್ ಮಾನಸಗಂಗೋತ್ರಿ ಕಟ್ಟಿದರು. ನಮಗೆ ಅವರು ಪಠ್ಯಪುಸ್ತಕದ ಕವಿ, ಜ್ಞಾನಪೀಠ ಪಡೆದ ಮೊದಲ ಕನ್ನಡಿಗ. ಈ ಮನುಷ್ಯನಿಗೆ ಬರೀ ಪುಟ್ಟಪ್ಪನೋರು. ಅವತ್ತು ಕೇಳಿದ ಭಾಷಣಗಳಲ್ಲಿ ಒಂದು ಸಾಲೂ ನೆನಪಿಲ್ಲ, ಇದೊಂದು ಉಳಿದಿದೆ.

ಅಂತ್ಯಕ್ರಿಯೆಗೆ ಕುವೆಂಪು ಅವರ ಊರು ಕುಪ್ಪಳಿಗೆ ಹೋಗಬೇಕು ಅಂತ ಹಾಸ್ಟೆಲ್‌ನಲ್ಲಿ ಗುಸುಗುಸು ನಡೆದಿತ್ತಲ್ಲ. ನನ್ನ ಜೇಬಿನಲ್ಲಿ ತೀರ್ಥಹಳ್ಳಿವರೆಗಿನ ಬಸ್ ಚಾರ್ಜೂ ಇರಲಿಲ್ಲ. ಎಷ್ಟೋ ವರ್ಷದ ಮೇಲೆ ಕುಪ್ಪಳಿಯ ಗುಡ್ಡ ಕವಿಶೈಲ ಹತ್ತಿದೆ. ಅಲ್ಲಿನ ಬಂಡೆಯ ಮೇಲೆ ಅವರ ಹೆಸರಿನ ಜೊತೆ ಬಿ.ಎಂ.ಶ್ರೀ. ಮತ್ತು ಟಿ.ಎಸ್. ವೆಂಕಣ್ಣಯ್ಯನವರ ಹೆಸರೂ ಕೆತ್ತಿದೆ. ಇಬ್ಬರೂ ನಮ್ಮ ಕಾಲೇಜಿನ ಮೇಷ್ಟ್ರುಗಳು. ಮಲೆನಾಡಿನ ಕಲ್ಲಿನ ಮೇಲೆ ಮೈಸೂರಿನ ಸ್ಟಾಫ್ ರೂಮ್ ನೋಡಿ ಸುಮ್ನೆ ನಗು ಬಂತು.

ಅಂದ ಹಾಗೆ, ನಿನ್ನ ವಿಷಯಕ್ಕೂ ವಾದ ಆಯಿತು. ಕುಪ್ಪಳಿಗೆ ಹೊರಟ ಗುಂಪಿನಲ್ಲಿ ನೀನಿದ್ದೆ ಅಂತ ಒಬ್ಬ ಆಣೆ ಮಾಡಿದ. ನೀನು ಜ್ವರ ಬಂದು ಊರಿಗೆ ಹೋಗಿದ್ದೆ ಅನ್ನೋದು ನನ್ನ ನೆನಪು. ಯಾವುದು ನಿಜ? ಬೇಗ ಬರಿ, ಐನೂರು ರೂಪಾಯಿ ಪಂಥ ಕಟ್ಟಿದ್ದೀನಿ.

ಇಂತಿ ನಿನ್ನ,
ಹಳೇ ರೂಮ್‌ಮೇಟ್