ಮಾಂಜರಿಯ ಕಬ್ಬಿನ ಗದ್ದೆ ಈಗ ಬರೀ ಟವರ್

ಮಾನ್ಯ ಸಂಪಾದಕರೇ,

ನಾನು ವಿಜಯಪುರದಿಂದ ಪುಣೆಗೆ ಬಂದು ಮಾಂಜರಿ ಬುದ್ರುಕ್‌ನಲ್ಲಿ ಮನೆ ಮಾಡಿದಾಗ ಬಾಲ್ಕನಿಯಿಂದ ಕಬ್ಬು ಕಾಣುತ್ತಿತ್ತು. ದ್ರಾಕ್ಷಿ ಸಂಶೋಧನಾ ಕೇಂದ್ರ, ವಸಂತದಾದಾ ಸಕ್ಕರೆ ಸಂಸ್ಥೆ ಎರಡೂ ಇರುವ ಊರು ಇದು. ಮುಳಾ-ಮುಠಾ ನದಿ ದಂಡೆಯ ಒಳ್ಳೆಯ ಮಣ್ಣು. ಈಗ ಎದುರು ಟವರ್‌ನ ಬಾಲ್ಕನಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ.

2021ರ ಜೂನ್‌ನಲ್ಲಿ ಪುಣೆ ಮಹಾನಗರಪಾಲಿಕೆಗೆ ಸೇರಿದ 23 ಹಳ್ಳಿಗಳಲ್ಲಿ ನಮ್ಮದೂ ಒಂದು. ಊರಿಗೆ ನಗರದ ಹೆಸರು ಬಂತು. ಆದರೆ ನಮ್ಮ ಹೌಸಿಂಗ್ ಸೊಸೈಟಿಗೆ ಬೇಸಿಗೆಯಲ್ಲಿ ಇವತ್ತಿಗೂ ಟ್ಯಾಂಕರ್ ನೀರೇ ಗತಿ. ಬೆಳಿಗ್ಗೆ ಪಕ್ಕದ ಹಡಪ್ಸರ್ ಬಡಾವಣೆಯ ಟ್ರಾಫಿಕ್ ದಾಟುವುದರಲ್ಲೇ ಅರ್ಧ ಜೀವ ಹೋಗುತ್ತದೆ.

ಹೊಲದ ಮೇಲೆ ಎದ್ದ ಮನೆಯಲ್ಲೇ ನಾನೂ ಇದ್ದೇನೆ. ಹಾಗಾಗಿ ಕಟ್ಟಲೇಬೇಡಿ ಎಂದು ಹೇಳಲಾರೆ. ಆದರೆ ಪಕ್ಕದ ಮಗರಪಟ್ಟಾ ಟೌನ್‌ಶಿಪ್ ನೋಡಿ. ಅಲ್ಲಿ ರೈತರೇ ಒಟ್ಟಾಗಿ ಸುಮಾರು 400 ಎಕರೆ ಜಮೀನು ಕೂಡಿಸಿ, ಕಂಪನಿ ಮಾಡಿ, ಅದರಲ್ಲಿ ಪಾಲುದಾರರಾದರು. ಜಮೀನು ಹೋದರೂ ಆದಾಯ ಉಳಿಯಿತು. ನಮ್ಮಲ್ಲಿ ಎಷ್ಟೋ ಮಂದಿ ತುಂಡು ತುಂಡಾಗಿ ಮಾರಿದರು. ನನಗೆ ಮೊದಲ ವರ್ಷ ಮನೆ ಬಾಗಿಲಿಗೆ ಹಾಲು ತಂದುಕೊಡುತ್ತಿದ್ದ ಅಜ್ಜ, ತಾವೇ ಉತ್ತ ನೆಲದ ಮೇಲೆ ಎದ್ದ ಕಟ್ಟಡದ ಗೇಟಿನಲ್ಲಿ ಈಗ ಕಾವಲು ಕೂರುತ್ತಾರೆ. ನೋಡಿದಾಗೆಲ್ಲ ಹೊಟ್ಟೆ ಚುರ್ ಎನ್ನುತ್ತದೆ.

ಆ ಕಟ್ಟಡಗಳನ್ನು ಕಟ್ಟಲು ಬಂದವರಲ್ಲಿ ನಮ್ಮ ಕಲಬುರಗಿ, ಯಾದಗಿರಿ ಕಡೆಯವರೂ ಇದ್ದಾರೆ. ಅವರೂ ಮಳೆ ಬಾರದೆ ಹೊಲ ಬಿಟ್ಟು ಬಂದವರೇ ಅಲ್ವಾ?

ಹೊಸ ಕಟ್ಟಡಕ್ಕೆ ಅನುಮತಿ ಕೊಡುವ ಮೊದಲು ನೀರಿನ ಪೈಪು, ಬಸ್ಸು ಬರಲಿ. ಉಳಿದಿರುವ ನದಿ ದಂಡೆಯ ಹೊಲಗಳನ್ನಾದರೂ ಬಿಡಲಿ.

– ಓರ್ವ ಓದುಗ, ಮಾಂಜರಿ, ಪುಣೆ